ಅಪ್‌ಡೇಟ್: ಬೆಟ್ಟಾ ಮೀನಿನ ಬಾಲ ತುಂಡರಿಸುತ್ತಿದ್ದ ಕಳ್ಳ ಸಿಕ್ಕಿಬಿದ್ದ

ಡೊಂಬಿವಲಿಯ ನಮ್ಮ ಮನೆಯ ತೊಟ್ಟಿಯಲ್ಲಿ ಸಾಕಿರುವ ನೀಲಿ ಬೆಟ್ಟಾ (ಉದ್ದ ಬಾಲದ ಅಲಂಕಾರಿಕ ಮೀನು) ಮೀನಿನ ಬಾಲ ರಾತ್ರೋರಾತ್ರಿ ತುಂಡಾಗುತ್ತಿದೆ, ಕಾರಣವೇನು ಎಂದು ಮೂರು ವಾರಗಳ ಹಿಂದೆ ಕೇಳಿದ್ದೆ. ಕಳ್ಳ ಬೇರೆ ಯಾರೂ ಅಲ್ಲ, ಮೀನೇ!

ಹೆಚ್ಚಿನವರು ರೆಕ್ಕೆ ಕೊಳೆಯುವ ರೋಗ ಎಂದಿರಿ. ಉಪ್ಪು ಹಾಕಿ ಒಂದು ವಾರ ಕಾದೆ, ಪ್ರಯೋಜನವಾಗಲಿಲ್ಲ. ನೀರಿನಲ್ಲಿ ಅಮೋನಿಯಾ (ಮೀನಿನ ಕಸದಿಂದ ಸೇರುವ ವಿಷ) ಇದೆಯೇ ಎಂದು ಪರೀಕ್ಷಿಸಿದರೂ ಸೊನ್ನೆ ಬಂತು. ಪ್ಲಾಸ್ಟಿಕ್ ಗಿಡದ ಮೇಲೆ ನೈಲಾನ್ ಕಾಲುಚೀಲ ಎಳೆದು ನೋಡಿ, ಅದು ಸಿಕ್ಕಿಕೊಂಡರೆ ರೆಕ್ಕೆಯೂ ಹರಿಯುತ್ತದೆ ಎಂದು ಪುಣೆಯ ಅಕ್ಕ ಒಬ್ಬರು ಹೇಳಿದ್ದರು. ಹೆಂಡತಿಯ ಕಾಲುಚೀಲ ಬಲಿಯಾಯಿತು (ಅವಳು ಇನ್ನೂ ಕ್ಷಮಿಸಿಲ್ಲ). ಗಿಡವನ್ನು ಕಿತ್ತು ಎಸೆದೆ. ಮರುದಿನ ಬೆಳಿಗ್ಗೆ ಬಾಲದ ಇನ್ನೊಂದು ತುಂಡು ಮಾಯ.

ಗುಟ್ಟು ರಟ್ಟಾದದ್ದು ‘ಗಾಯದ ಅಂಚು ನೋಡಿ’ ಎಂಬ ಸಲಹೆಯಿಂದ. ಕೊಳೆತವಾದರೆ ಅಂಚು ಕಪ್ಪಾಗಿಯೋ ಕೆಂಪಾಗಿಯೋ ನಿಧಾನವಾಗಿ ಸವೆಯುತ್ತದೆ. ನಮ್ಮದರಲ್ಲಿ ಬಿಸ್ಕತ್ತು ಕಚ್ಚಿದಂತೆ ಅರ್ಧಚಂದ್ರದ ಗುರುತು. ಮೊಬೈಲನ್ನು ತೊಟ್ಟಿಯ ಎದುರು ನಿಲ್ಲಿಸಿ ವಿಡಿಯೊ ಮಾಡಿದೆ. ಫಿಲ್ಟರಿನ ರಭಸಕ್ಕೆ ಎದುರಾಗಿ ಈಜಿ ಈಜಿ ಸುಸ್ತಾದ ಮೀನು, ಗರಗರ ತಿರುಗಿ ತನ್ನ ಬಾಲವನ್ನೇ ಕಚ್ಚುತ್ತಿತ್ತು! ಭಾರವಾದ ಉದ್ದ ಬಾಲದ ತಳಿಗಳಲ್ಲಿ ಇದು ಅಪರೂಪವಲ್ಲವಂತೆ.

ನೀರಿನ ರಭಸ ತಗ್ಗಲೆಂದು ಫಿಲ್ಟರಿನ ಬಾಯಿಗೆ ಸ್ಪಂಜು ಕಟ್ಟಿದೆ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತಿದ್ದೇನೆ. ಹತ್ತು ದಿನಗಳಿಂದ ಹೊಸ ಕಡಿತವಿಲ್ಲ. ಮೊನ್ನೆ ಅಂಚಿನಲ್ಲಿ ಗಾಜಿನಂಥ ತೆಳು ಪೊರೆ ಕಂಡು ಮತ್ತೇನು ರೋಗವೋ ಎಂದು ಗಾಬರಿಯಾಗಿತ್ತು. ಅದು ಚಿಗುರುತ್ತಿರುವ ಹೊಸ ರೆಕ್ಕೆ. ಬಣ್ಣ ಆಮೇಲೆ ತುಂಬಿಕೊಳ್ಳುತ್ತದೆ.