ವೆಸ್ಟ್ ವರ್ಜೀನಿಯಾ: ಇಷ್ಟು ಸಣ್ಣ ರಾಜ್ಯಕ್ಕೆ 55 ಕೌಂಟಿ ಯಾಕೆ?

ಶಿರಸಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಅಮೆರಿಕದ ವರ್ಜೀನಿಯಾ ರಾಜ್ಯದ ಹ್ಯಾರಿಸನ್‌ಬರ್ಗ್‌ನಿಂದ ಪಕ್ಕದ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ಗೆ ಕಾರಿನಲ್ಲಿ ಹೋಗುತ್ತಿದ್ದೇವೆ, ಅಲ್ಲಿನ ದೊಡ್ಡ ರೇಡಿಯೋ ಟೆಲಿಸ್ಕೋಪ್ ನೋಡೋಕೆ. ಮ್ಯಾಪ್‌ನಲ್ಲಿ ಪೆಂಡಲ್ಟನ್ ಕೌಂಟಿ (ರಾಜ್ಯದೊಳಗಿನ ಆಡಳಿತ ವಿಭಾಗ) ದಾಟಿದರೆ ಪೊಕಹಾಂಟಸ್ ಕೌಂಟಿ, ಅಷ್ಟೇ. ಆದರೆ ದೂರಕ್ಕಿಂತ ಸಮಯ ತುಂಬಾ ಜಾಸ್ತಿ ತೋರಿಸುತ್ತಿದೆ, ಯಾಕೆ? ಕರ್ನಾಟಕದ ಮೂರನೇ ಒಂದು ಭಾಗದಷ್ಟಿರುವ ರಾಜ್ಯಕ್ಕೆ 55 ಕೌಂಟಿ ಬೇಕಿತ್ತಾ?

ಮಾರ್ಗನ್‌ಟೌನ್_ವಾಸಿ:
ಮ್ಯಾಪ್‌ನ ಗೆರೆ ಬಿಡಿ, ಬೆಟ್ಟದ ಸಾಲು ನೋಡಿ. ಅಲ್ಲಿನ ಬೆಟ್ಟಗಳು ಉದ್ದುದ್ದ ಗೋಡೆಗಳ ಹಾಗೆ ಒಂದರ ಪಕ್ಕ ಒಂದು ನಿಂತಿವೆ, ನಡುವಿನ ಕಣಿವೆಗೊಂದು ಹೊಳೆ. ನೀವು ಆ ಗೋಡೆಗಳನ್ನು ಅಡ್ಡಡ್ಡ ದಾಟಬೇಕು. ರೂಟ್ 33ರಲ್ಲಿ ಶೆನಾಂಡೋವಾ ಬೆಟ್ಟದ ನೆತ್ತಿಯಲ್ಲೇ ರಾಜ್ಯದ ಗಡಿ, ಅಲ್ಲಿಂದ ಇಳಿದರೆ ಬ್ರ್ಯಾಂಡಿವೈನ್, ಮತ್ತೆ ಹತ್ತಿ ಇಳಿದರೆ ಕೌಂಟಿ ಕೇಂದ್ರ ಫ್ರಾಂಕ್ಲಿನ್, ಇನ್ನೊಮ್ಮೆ ಹತ್ತಿ ಇಳಿದರೆ ಜೂಡಿ ಗ್ಯಾಪ್. ಒಂದೇ ಕೌಂಟಿಯಲ್ಲಿ ಮೂರು ಕಣಿವೆ, ಮೂರು ಹೊಳೆ, ಮೂರೂ ಪೊಟೋಮ್ಯಾಕ್ ನದಿಯ ಕವಲುಗಳೇ! ಆಮೇಲೆ ರೂಟ್ 28ರಲ್ಲಿ ಅಲೆಘೆನಿ ಸಾಲು ದಾಟಿ ಪೊಕಹಾಂಟಸ್‌ಗೆ ಇಳಿದರೆ ನೀರಿನ ದಿಕ್ಕೇ ಬೇರೆ. ಬೆಟ್ಟದ ಈಚೆ ಬಿದ್ದ ಮಳೆ ಪೂರ್ವದ ಚೆಸಾಪೀಕ್ ಕೊಲ್ಲಿಗೆ, ಆಚೆ ಬಿದ್ದದ್ದು ಒಹಾಯೋ, ಮಿಸಿಸಿಪ್ಪಿ ನದಿ ಹಿಡಿದು ದೂರದ ಮೆಕ್ಸಿಕೋ ಕೊಲ್ಲಿಗೆ. ಪೊಕಹಾಂಟಸ್‌ನಲ್ಲೇ 8 ನದಿಗಳು ಹುಟ್ಟುತ್ತವೆ. ಅಪ್ಪ ಅಮ್ಮನಿಗೆ ಇದನ್ನು ಕಾರಿನಿಂದ ಇಳಿಸಿ ತೋರಿಸಿ.

ಹಳೇ_ನಕ್ಷೆ:
55ರ ಲೆಕ್ಕಕ್ಕೂ ಬೆಟ್ಟವೇ ಕಾರಣ. ಕುದುರೆಯ ಕಾಲದಲ್ಲಿ ಒಂದು ಜಮೀನಿನ ಪತ್ರ ಮಾಡಿಸೋಕೂ ಬೆಟ್ಟ ದಾಟಿ ಕೌಂಟಿ ಕೇಂದ್ರದ ಕೋರ್ಟ್‌ಗೆ ಹೋಗಬೇಕಿತ್ತು, ಹಾಗಾಗಿ ಜನ ಹತ್ತಿರದಲ್ಲೇ ಬೇರೆ ಕೌಂಟಿ ಬೇಕೆಂದು ಕೇಳುತ್ತಿದ್ದರು. ಹೆಚ್ಚಿನವು ವರ್ಜೀನಿಯಾದ ಕಾಲದವೇ. 1863ರಲ್ಲಿ, ಅಂತರ್ಯುದ್ಧದ ನಡುವೆ, ಈ ರಾಜ್ಯ ವರ್ಜೀನಿಯಾದಿಂದ ಬೇರೆಯಾಯಿತು. ಕೊನೆಯದು ಮಿಂಗೋ, 1895ರಲ್ಲಿ ಲೋಗನ್‌ನಿಂದ ಒಡೆದದ್ದು. ಗಾತ್ರವೂ ಒಂದೇ ಸಮ ಇಲ್ಲ, ರ‍್ಯಾಂಡಾಲ್ಫ್ ಸುಮಾರು 1,040 ಚದರ ಮೈಲಿ, ಹ್ಯಾನ್‌ಕಾಕ್ 90 ಕೂಡ ಇಲ್ಲ. ಇದನ್ನು ನಮ್ಮ ಜಿಲ್ಲೆ ಅಂದುಕೊಳ್ಳಬೇಡಿ, ಇಲ್ಲಿ ಡಿಸಿ ಇಲ್ಲ. ಕೌಂಟಿ ನಡೆಸುವ ಕಮಿಷನರ್‌ಗಳನ್ನೂ ಪೊಲೀಸ್ ಕೆಲಸ ನೋಡುವ ಶೆರಿಫ್‌ನನ್ನೂ ಜನರೇ ಆರಿಸುತ್ತಾರೆ.

ಬೆಟ್ಟದ_ದಾರಿ:
ದಕ್ಷಿಣದ ಕಲ್ಲಿದ್ದಲು ಕೌಂಟಿಗಳನ್ನೂ ಮರೆಯಬಾರದು. ಮ್ಯಾಕ್‌ಡೊವೆಲ್‌ನಲ್ಲಿ 1950ರಲ್ಲಿ ಸುಮಾರು 99,000 ಜನರಿದ್ದರು, 2020ರಲ್ಲಿ 19,111. ಗಣಿಗೆ ಯಂತ್ರ ಬಂತು, ಆಮೇಲೆ ಗಣಿಗಳೇ ಮುಚ್ಚಿದವು, ಜನ ಊರು ಬಿಟ್ಟರು. ಗಡಿಗೆರೆ ಮಾತ್ರ ಹಾಗೇ ಇದೆ. ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಶಿರಸಿಯವರೇ, ಫ್ರಾಂಕ್ಲಿನ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಟೆಲಿಸ್ಕೋಪ್‌ಗೆ ತೊಂದರೆಯಾಗಬಾರದೆಂದು 1958ರಿಂದ ಅಲ್ಲಿ ರೇಡಿಯೋ ಸಿಗ್ನಲ್‌ಗೆ ಕಟ್ಟುನಿಟ್ಟಿದೆ, ಗ್ರೀನ್ ಬ್ಯಾಂಕ್ ಸುತ್ತ ಮೊಬೈಲ್ ನಂಬಬೇಡಿ.

ಶಿರಸಿ_ಹುಡುಗಿ:
ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಘಟ್ಟದ ತಿರುವಿನಲ್ಲಿ ತಲೆ ಸುತ್ತುತ್ತದೆ, ಹಾಗಾಗಿ ಫ್ರಾಂಕ್ಲಿನ್‌ನಲ್ಲಿ ಒಂದು ರಾತ್ರಿ ಉಳಿದೇ ಹೋಗುತ್ತೇವೆ.