ಆರಾಧನೆಗೆ ಡ್ರಮ್ಸ್, ಕೀಬೋರ್ಡ್ ತಕ್ಕದ್ದೇ? ನಮ್ಮ ಅಜ್ಜಿಯರು ಹಾಡುವುದನ್ನೇ ನಿಲ್ಲಿಸಿದ್ದಾರೆ

ಪೇಟಿ ಟೀಚರ್, ಧಾರವಾಡ

ಎಲ್ಲರಿಗೂ ವಂದನೆ. ನಮ್ಮದು ಹಳೆಯ ಸಭೆ. 26 ವರ್ಷದಿಂದ ಭಾನುವಾರದ ಆರಾಧನೆಗೆ ನಾನೇ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದೇನೆ, ಜೊತೆಗೆ ಒಂದು ತಬಲಾ. ಈಸ್ಟರ್ ಆದ ಮೇಲೆ ಯೌವನಸ್ಥರು ಡ್ರಮ್ಸ್, ಕೀಬೋರ್ಡ್, ಎರಡು ದೊಡ್ಡ ಸೌಂಡ್ ಬಾಕ್ಸ್ ತಂದರು. ಮಕ್ಕಳು ಒಳ್ಳೆಯವರು. ಶನಿವಾರ ಸಂಜೆಯೆಲ್ಲ ಕೂತು ಪ್ರಾಕ್ಟೀಸ್ ಮಾಡುತ್ತಾರೆ.

ಎರಡನೇ ಸಾಲಿನಲ್ಲಿ ಮೂವರು ಅಜ್ಜಿಯರು ಕೂರುತ್ತಾರೆ. ಅವರಿಗೆ ಓದಲು ಬಾರದು, ಗೀತೆಗಳೆಲ್ಲ ಬಾಯಿಪಾಠ. ಒಬ್ಬರು ಪ್ರತಿ ಸಾಲಿನ ಕೊನೆಯನ್ನು ಸ್ವಲ್ಪ ಎಳೆಯುತ್ತಾರೆ. ಅವರಿಗೋಸ್ಕರ ನಾನು ಆ ಸ್ವರವನ್ನು ಹಿಡಿದು ನಿಲ್ಲುತ್ತಿದ್ದೆ. ಡ್ರಮ್ಸ್ ಹಾಗೆ ನಿಲ್ಲುವುದಿಲ್ಲ, ಅಲ್ವಾ? ಮೂರು ಭಾನುವಾರದಿಂದ ನೋಡುತ್ತಿದ್ದೇನೆ, ಮೂವರ ತುಟಿಯೂ ಅಲ್ಲಾಡುತ್ತಿಲ್ಲ. ನನಗೆ ಅಳು ಬರುತ್ತದೆ.

ಹಿರಿಯರೊಬ್ಬರು 'ಡ್ರಮ್ಸ್ ಲೋಕದ ವಾದ್ಯ, ದೇವಾಲಯಕ್ಕೆ ಬೇಡ' ಅಂದರು. ಅದನ್ನು ನಾನು ಒಪ್ಪಲಾರೆ. ಕೀರ್ತನೆ 150ರಲ್ಲಿ ಕೊಂಬು, ದಮ್ಮಡಿ, ಕೊಳಲು, ತಾಳ ಎಲ್ಲವೂ ಇವೆ. ನನ್ನ ಪೇಟಿಯಾದರೂ ಎಲ್ಲಿಯದು? 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವ ರೂಪಕ್ಕೆ ಬಂತು. ಅದೂ ಒಂದು ಕಾಲಕ್ಕೆ ಹೊಸದೇ. ಹಾಗಾದರೆ ಯಾವುದು ತಕ್ಕದ್ದು ಅಂತ ತೀರ್ಮಾನಿಸುವುದು ಹೇಗೆ? ನಿಮ್ಮ ಕಡೆ ಏನು ಮಾಡಿದ್ದೀರಿ?

ಕರಾವಳಿ ಕ್ವಾಯರ್

ಟೀಚರ್, ನಾವು ಕಥೋಲಿಕರು. ನಮ್ಮಲ್ಲೂ ಈ ಚರ್ಚೆ ಹಳೆಯದು. 1903ರಲ್ಲಿ ಪೋಪ್ ಹತ್ತನೇ ಪಯಸ್ ಅವರು ಚರ್ಚಿನೊಳಗೆ ಪಿಯಾನೋ, ಡ್ರಮ್ ಎರಡೂ ಬೇಡ ಅಂದಿದ್ದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್‌ಗೆ ಹೆಚ್ಚಿನ ಗೌರವ ಕೊಟ್ಟಿತು, ಆದರೆ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಅವು ದೇವಾಲಯದ ಘನತೆಗೆ ಒಗ್ಗಬೇಕು, ಭಕ್ತರಿಗೆ ನಿಜವಾಗಿ ನೆರವಾಗಬೇಕು ಎಂದಿತು. ನಿಮ್ಮ ಅಜ್ಜಿಯರ ವಿಷಯ ಆ ಕೊನೆಯ ಮಾತಿನಲ್ಲೇ ಇದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮ ಕ್ವಾಯರ್‌ನಲ್ಲಿ ಹಾಡಿಗೆ ಆಸರೆಯಾಗುವಷ್ಟು ಮಾತ್ರ ವಾದ್ಯ. ಆ ವಾರಗಳಲ್ಲೇ ಜನ ಜಾಸ್ತಿ ಹಾಡುತ್ತಾರೆ.

ವಾಕ್ಯ ಓದುಗ

ಹೊಸ ಒಡಂಬಡಿಕೆಯ ಪತ್ರಿಕೆಗಳು ಸಭೆಗೆ 'ಹಾಡಿರಿ' ಎನ್ನುತ್ತವೆ, ವಾದ್ಯ ನುಡಿಸಿರಿ ಎಂದು ಆಜ್ಞೆ ಕೊಡುವುದಿಲ್ಲ. ರಷ್ಯಾದ ಆರ್ಥಡಾಕ್ಸ್ ಸಭೆಗಳಲ್ಲಿ ಇಂದಿಗೂ ಬರೀ ಕಂಠ. 16ನೇ ಶತಮಾನದ ಸ್ವಿಸ್ ಪ್ರೊಟೆಸ್ಟಂಟ್ ಸುಧಾರಕ ಜ್ವಿಂಗ್ಲಿ ಸ್ವತಃ ಒಳ್ಳೆಯ ಸಂಗೀತಗಾರ. ಆದರೂ ಅವರ ಕಾಲದಲ್ಲಿ ಜ್ಯೂರಿಕ್‌ನ ಚರ್ಚುಗಳಲ್ಲಿ ಆರ್ಗನ್ ಕಳಚಿದರು. ನಾನು ಅಷ್ಟು ದೂರ ಹೋಗು ಎನ್ನುವುದಿಲ್ಲ. ತಿಂಗಳಿಗೊಂದು ಭಾನುವಾರ ಎಲ್ಲ ವಾದ್ಯ ಬದಿಗಿಟ್ಟು ನೋಡಿ.

ಡ್ರಮ್ಸ್ ಹುಡುಗ, ಬೆಂಗಳೂರು

ಆಂಟಿ, ದಯವಿಟ್ಟು ಆ ಹುಡುಗರ ಡ್ರಮ್ಸ್ ಹೊರಗೆ ಹಾಕಿಸಬೇಡಿ. ಎರಡು ವರ್ಷ ಆರಾಧನೆ ಬಿಟ್ಟಿದ್ದ ನನ್ನನ್ನು ವಾಪಸ್ ಕರೆತಂದದ್ದು ಅದೇ. ಕೋಲಿನ ಬದಲು ಬ್ರಷ್‌ನಲ್ಲಿ ಬಾರಿಸಲು ಹೇಳಿ, ಸದ್ದು ಅರ್ಧಕ್ಕೆ ಇಳಿಯುತ್ತದೆ. ಡ್ರಮ್ಸ್‌ಗೆ ಇಟ್ಟಿರುವ ಮೈಕ್ ತೆಗೆಸಿ. ಇನ್ನೊಂದು, ಹಾಡು ಯಾವ ಸ್ಕೇಲ್‌ನಲ್ಲಿದೆ ನೋಡಿ. ನಾವು ಹುಡುಗರು ನಮ್ಮ ಗಂಟಲಿಗೆ ತಕ್ಕಂತೆ ಏರಿಸಿಬಿಡುತ್ತೇವೆ. ಅಜ್ಜಿಯರಿಗೆ ಅದು ಎಟುಕುವುದಿಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇರುತ್ತದೆ, ಇಳಿಸುವುದು ಸುಲಭ.

ಪೇಟಿ ಟೀಚರ್, ಧಾರವಾಡ

ಎಲ್ಲರಿಗೂ ಧನ್ಯವಾದ. ತಮ್ಮಾ, ನೀನು ಹೇಳಿದ್ದು ಸರಿ. ನಾನು ಪೇಟಿಯ ಕಪ್ಪು ಒಂದನೇ ಮನೆಯ ಶ್ರುತಿಯಲ್ಲಿ ನುಡಿಸುತ್ತಿದ್ದ ಗೀತೆಯನ್ನು ಹುಡುಗರು ಬಿಳಿ ಮೂರನೇ ಮನೆಗೆ ಏರಿಸಿದ್ದರು. ಇಷ್ಟು ವರ್ಷ ನುಡಿಸಿದವಳು, ನನಗದು ಹೊಳೆಯಲಿಲ್ಲ. ಸದ್ದಿನ ಮೇಲಷ್ಟೇ ಸಿಟ್ಟಾಗಿದ್ದೆ.

ಶನಿವಾರ ಹೋಗಿ ಹುಡುಗರ ಜೊತೆ ಕೂತೆ. ಸ್ಕೇಲ್ ಇಳಿಸಿದೆವು. ಮೊದಲ ಚರಣ ಬರೀ ಬಾಯಲ್ಲಿ, ಎರಡನೆಯದಕ್ಕೆ ಪೇಟಿ, ಆಮೇಲೆ ಡ್ರಮ್ಸ್ ಅಂತ ಮಾತಾಯಿತು. ಬಾರಿಸುವ ಹುಡುಗನಿಗೆ ಒಂದೇ ಮಾತು ಹೇಳಿದೆ: ಹಾಡಿನ ಪ್ರತಿ ಸಾಲಿನ ಕೊನೆಗೆ, ಎರಡನೇ ಸಾಲಿನಲ್ಲಿ ಕೂತ ಅಜ್ಜಿಯ ಬಾಯಿ ನೋಡು, ಅವರು ಮುಗಿಸಿದ ಮೇಲೆ ಮುಂದೆ ಹೋಗು.

ನೋಡಿದ. ನಿಂತ. ಇಬ್ಬರು ಅಜ್ಜಿಯರು ಕೊನೆಯ ಚರಣದವರೆಗೂ ಹಾಡಿದರು. ಮೂರನೆಯವರು ಇನ್ನೂ ಸುಮ್ಮನೆ ಕೂತಿದ್ದಾರೆ. ಬುಧವಾರ ಪೇಟಿ ತೆಗೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇನೆ.