ಬಸ್ ತುಂಬಿದ್ದರೂ ನಷ್ಟ ಹೇಗೆ?

ಪ್ರಶ್ನೆ: ನಾನು ದಿನಾ ಕಲಬುರಗಿಯಿಂದ ಆಳಂದಕ್ಕೆ ಬಸ್ಸಲ್ಲೇ ಹೋಗುತ್ತೇನೆ. ಬೆಳಿಗ್ಗೆ ಕಾಲಿಡಲೂ ಜಾಗ ಇರಲ್ಲ. ಆದರೂ ವರ್ಷದ ಲೆಕ್ಕದಲ್ಲಿ ಸಾರಿಗೆ ನಿಗಮಗಳಿಗೆ ನಷ್ಟ ಅಂತಾರೆ. ಹೇಗೆ?

ಉತ್ತರ: ತಮ್ಮಾ, ನಾನು ನಿವೃತ್ತ ಕಂಡಕ್ಟರ್. ಒಂದೇ ಟ್ರಿಪ್ ನೋಡಬೇಡ. ಬೆಳಿಗ್ಗೆ ತುಂಬಿದ ಗಾಡಿ ಮಧ್ಯಾಹ್ನ ಹತ್ತು ಮಂದಿ ಹೊತ್ತು ಬರುತ್ತದೆ. ಡೀಸೆಲ್, ಟೈರು, ಸಂಬಳ ಕಮ್ಮಿಯಾಗಲ್ಲ. ಕಿಲೋಮೀಟರಿಗೆ ಎಷ್ಟು ಬಂತು, ಎಷ್ಟು ಹೋಯಿತು, ಅದೇ ಲೆಕ್ಕ. ಹಳ್ಳಿ ರೂಟು ಖಾಲಿ ಇದ್ದರೂ ಓಡಿಸಲೇಬೇಕು.

ಇನ್ನೊಬ್ಬರು: 2023ರ ಜೂನ್ 11ರಿಂದ ನಮ್ಮಂಥ ಹೆಂಗಸರಿಗೆ ಶಕ್ತಿ ಯೋಜನೆ, ಸರ್ಕಾರಿ ಬಸ್ಸಲ್ಲಿ ಉಚಿತ ಪ್ರಯಾಣ. ಟಿಕೆಟ್ಟೇ ಇಲ್ಲ, ಅಲ್ವಾ ಅಣ್ಣಾ?

ಉತ್ತರ: ಇದೆ ತಂಗಿ, ಶೂನ್ಯ ಟಿಕೆಟ್. ಆ ಚೀಟಿಗಳ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ಕೊಡಬೇಕು. ನನ್ನ ಹೆಂಡತಿ ಸುಮ್ನೆ ಕಿಟಕಿಯಿಂದ ಎಸೆಯುತ್ತಾಳೆ, ನನಗೆ ಹೊಟ್ಟೆ ಉರಿಯುತ್ತದೆ.